ಖಾಕಿ ಹೊಲಿಯುವ ಒಲಿಂಡಾಬಾಯಿ

ಮಳೆ ಹಿಂದೆಗೆದಿದೆ. ಕಟಪಾಡಿಯ ಗದ್ದೆಗಳಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ತೆನೆ ಬಾಗಿ ನಿಂತಿದೆ, ಕೊಯ್ಲಿಗೆ ಇನ್ನೊಂದು ವಾರ. ಇಗರ್ಜಿಯ ಬೆಳಗಿನ ಗಂಟೆ ಇನ್ನೂ ಆಗಿಲ್ಲ. ಹೆದ್ದಾರಿಯಿಂದ ಕೂಗಳತೆಯ ದೂರದ ಹಂಚಿನ ಕೋಣೆಯೊಂದರಲ್ಲಿ ಆಗಲೇ ಹೊಲಿಗೆ ಮೆಷಿನ್ನಿನ ಸದ್ದು. ಒಲಿಂಡಾಬಾಯಿ ಖಾಕಿ ಪ್ಯಾಂಟಿನ ಸೊಂಟಪಟ್ಟಿಯ ಉದ್ದಕ್ಕೂ ಬಟ್ಟೆ ಸಾಬೂನಿನ ತುಂಡನ್ನು ಉಜ್ಜುತ್ತಾರೆ. ನಾಲ್ಕು ಪದರದ ಖಾಕಿಯನ್ನು ಸೂಜಿ ಮುರಿಯದೆ ದಾಟಬೇಕಾದರೆ ಇದೇ ಉಪಾಯ.

“ನಮ್ಮ ಬಟ್ಟೆ ಒಗೆಯಲಿಕ್ಕೆ ಸಾಬೂನು ಕೇಳಿದರೆ ಇಲ್ಲ ಅಂತೀರಿ ವೊನ್ನಿ, ಪೊಲೀಸರ ಸೊಂಟಕ್ಕಾದರೆ ಉಂಟು,” ಎಂದು ಮೂಲೆಯಲ್ಲಿ ಕಾಜಾ ಹಾಕುತ್ತಿರುವ ನಾದಿನಿ ರೋಸಲಿನ್ ಚುಚ್ಚುತ್ತಾರೆ.

“ಪೊಲೀಸರ ಸೊಂಟವೇ ನಿನಗೆ ಗಂಜಿ ಹಾಕುವುದು. ಸುಮ್ಮನೆ ಕಾಜಾ ಹಾಕು.”

ಕಾಪು, ಉಡುಪಿ, ಕಾರ್ಕಳದ ಪೊಲೀಸರಲ್ಲಿ ಅನೇಕರ ಸಮವಸ್ತ್ರ ಹೊಲಿಯುವುದು ನಲವತ್ತೊಂದು ವರ್ಷದ ಈ ಹೆಂಗಸು. ದಿನಕ್ಕೆ ಎರಡು ಪ್ಯಾಂಟು, ಒಂದು ಅಂಗಿ. ಅಕ್ಟೋಬರ್ ಬಂತೆಂದರೆ ಅದರ ಇಮ್ಮಡಿ. ಇಪ್ಪತ್ತೊಂದಕ್ಕೆ ಮಂಗಳೂರಿನ ಮೈದಾನದಲ್ಲಿ, ಕರ್ತವ್ಯದಲ್ಲಿ ಮಡಿದವರ ಹೆಸರು ಓದುವ ಪರೇಡು. “ಆ ದಿನ ಮಂಡಿ ಸವೆದ ಪ್ಯಾಂಟು ಹಾಕಿಕೊಂಡು ನಿಲ್ಲಲಿಕ್ಕೆ ಯಾರಿಗೂ ಮನಸ್ಸು ಬರುವುದಿಲ್ಲ,” ಎನ್ನುತ್ತಾರೆ ಒಲಿಂಡಾಬಾಯಿ. ಹೀಗೆ ಹೊಲಿದು ಕೊಟ್ಟ ಆರು ವರ್ಷವೂ ಅಲ್ಲಿ ಅವರ ಗಂಡನ ಹೆಸರನ್ನು ಮಾತ್ರ ಯಾರೂ ಓದಲಿಲ್ಲ.

ಗಂಡ ಸ್ಟ್ಯಾನಿಸ್ಲಾಸ್ ಕಾನ್‌ಸ್ಟೇಬಲ್ ಆಗಿದ್ದರು. ಪರ್ಮಿಟ್ ಇಲ್ಲದೆ ಅಕ್ಕಿ ಸಾಗಿಸಬಾರದೆಂಬ ಕಾಲ. ಹೆದ್ದಾರಿಯ ತಪಾಸಣಾ ಗೇಟೊಂದರಲ್ಲಿ ಅವರ ಕಾವಲು. ಎಪ್ಪತ್ತೇಳರ ಮಾರ್ಚಿನ ಒಂದು ಬೆಳಿಗ್ಗೆ ಆರೂ ಇಪ್ಪತ್ತೈದಕ್ಕೆ ಅಕ್ಕಿ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿದರು. ಲಾರಿ ನಿಲ್ಲಲಿಲ್ಲ. ಅವರ ಮೇಲೆಯೇ ಹಾದುಹೋಯಿತು.

ಆದರೆ ಗೇಟಿನ ಪುಸ್ತಕದಲ್ಲಿ ಅವರ ಕೈಯಿಂದಲೇ ಬರೆದದ್ದು ಬೇರೆ: ಆರು ಗಂಟೆಗೆ ಡ್ಯೂಟಿಯನ್ನು ಉಮಾನಾಥರಿಗೆ ಒಪ್ಪಿಸಿದೆ. ಉಮಾನಾಥ ಬರಬೇಕಾದದ್ದು ಕಾರ್ಕಳದ ಕಡೆಯಿಂದ, ಬಸ್ಸು ತಡವಾಗುವುದು ಮಾಮೂಲು. ತಡವಾದವನಿಗೆ ಮೆಮೊ ಬರಬಾರದೆಂದು ಇದ್ದವನೇ ಆರಕ್ಕೆ ಸರಿಯಾಗಿ ಬರೆದಿಟ್ಟು, ಬರುವವನು ಬರುವವರೆಗೆ ನಿಂತುಕೊಳ್ಳುವುದು ಆ ಗೇಟಿನವರ ಒಳ ಏರ್ಪಾಡು. ಯಾರಿಗೂ ಅದು ತಪ್ಪೆನಿಸಿರಲಿಲ್ಲ.

ಪುಸ್ತಕ ನೋಡಿದ ಮೇಲಿನವರು, ಡ್ಯೂಟಿ ಮುಗಿಸಿ ಮನೆಗೆ ಹೊರಟವನಿಗೆ ಆದ ಅಪಘಾತ ಎಂದು ಷರಾ ಬರೆದರು. ಕ್ವಾರ್ಟರ್ಸು ಬಿಡಬೇಕಾಯಿತು. ಒಲಿಂಡಾಬಾಯಿಯನ್ನು ಚುಚ್ಚಿದ್ದು ಅದಲ್ಲ.

“ಡ್ಯೂಟಿ ಮುಗಿದ ಮೇಲೆ ಇವನು ಲಾರಿಗೆ ಕೈ ಹಿಡಿದದ್ದು ಎಂತಕ್ಕೆ ಅಂತ ಜನ ಕೇಳಿದರು. ಮಾಮೂಲು ವಸೂಲಿಗೆ ಅಂತ ಅವರೇ ಉತ್ತರ ಕೊಟ್ಟರು. ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಗೆ ಬರುವಾಗ ಈ ಕಿವಿಯಲ್ಲೇ ಕೇಳಿದ್ದೇನೆ. ಒಂದು ಬೀಡಿಯನ್ನೂ ಯಾರ ಹತ್ತಿರವೂ ಕೇಳಿದವರಲ್ಲ ಅವರು.”

ಮದುವೆಗೆ ಮೊದಲು ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಕಲಿತ ಹೊಲಿಗೆ ಕೈ ಹಿಡಿಯಿತು. ಮೊದಲು ಬಂದವರು ಗಂಡನ ಜೊತೆಗಾರರೇ. ಬಾರದೆ ಉಳಿದದ್ದು ಒಬ್ಬರು, ಉಮಾನಾಥ. ಅವರು ಸುತ್ತು ಬಳಸಿಯಾದರೂ ಉಡುಪಿಯಲ್ಲೇ ಹೊಲಿಸುತ್ತಿದ್ದರು. ಹೋದ ವರ್ಷ ಅವರು ಹೆಡ್ ಕಾನ್‌ಸ್ಟೇಬಲ್ ಆದರು. ಡ್ಯೂಟಿ ಪುಸ್ತಕಕ್ಕೆ ಸಹಿ ಹಾಕುವ ಕೆಲಸ ಅವರ ಪಾಲಿಗೆ ಬಂತು. ಮೊದಲ ತಿಂಗಳಲ್ಲೇ, ಇನ್ನೂ ಬಾರದವನ ಹೆಸರಿಗೆ ಡ್ಯೂಟಿ ಒಪ್ಪಿಸಿದ ಸಾಲೊಂದು ಕಣ್ಣಿಗೆ ಬಿತ್ತು. ಸಹಿ ಹಾಕಲು ಕೈ ಏಳಲಿಲ್ಲ. ಎಪ್ಪತ್ತೇಳರ ಆ ಬೆಳಿಗ್ಗೆ ತಾನು ಗೇಟಿಗೆ ಬಂದದ್ದು ಆರೂವರೆ ದಾಟಿದ ಮೇಲೆ, ಅಲ್ಲಿಯವರೆಗೆ ಡ್ಯೂಟಿಯಲ್ಲಿದ್ದವರು ಸ್ಟ್ಯಾನಿಸ್ಲಾಸರೇ ಎಂದು ಮೇಲಿನವರಿಗೆ ಬರೆದುಕೊಟ್ಟರು. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡದ್ದಕ್ಕೆ ಅವರ ಎರಡು ಇನ್‌ಕ್ರಿಮೆಂಟು ಹೋಯಿತು. ಸ್ಟ್ಯಾನಿಸ್ಲಾಸ್ ಕರ್ತವ್ಯದಲ್ಲೇ ಮಡಿದರೆಂಬ ಆದೇಶ ಕಳೆದ ತಿಂಗಳು, ತೆನೆಹಬ್ಬದ ಮಾರನೆಯ ದಿನ ಒಲಿಂಡಾಬಾಯಿಯ ಕೈ ಸೇರಿತು. ಈ ಬಾರಿಯ ಪರೇಡಿನಲ್ಲಿ ಗಂಡನ ಹೆಸರನ್ನೂ ಓದುತ್ತಾರೆ.

“ಜೋರಾಗಿ ಓದಿದರೆ ಸಾಕು. ಹಿಂದೆ ಕೂತವರಿಗೂ ಕೇಳಬೇಕು,” ಎನ್ನುತ್ತಾರೆ. ಅಷ್ಟೇ ಅವರ ಆಸೆ. ಹೇಳುವಾಗ ನಗು ಮುಖದಲ್ಲೇ ಇದೆ; ಕಾಲು ಮೆಷಿನ್ನಿನ ಪೆಡಲ್ ಬಿಟ್ಟಿಲ್ಲ.

ಎಂಟು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಸೈಕಲ್ಲು ನಿಲ್ಲುತ್ತದೆ. ಬಗಲಲ್ಲಿ ಖಾಕಿ ಬಟ್ಟೆಯ ಕಟ್ಟು ಹಿಡಿದು ಉಮಾನಾಥ ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ.

“ಪರೇಡಿಗೆ ಒಂದು ಜೊತೆ ಆಗಬೇಕಿತ್ತು ಬಾಯಮ್ಮ. ನೀವು ಹೊಲಿಯುವುದಾದರೆ.”

“ಹೊಲಿಯದೆ ಮತ್ತೆಂತ? ಒಳಗೆ ಬನ್ನಿ. ಅಂಗಳದಲ್ಲಿ ಅಳತೆ ತೆಗೆಯುವ ಕ್ರಮ ನಮ್ಮಲ್ಲಿಲ್ಲ.”

ರೋಸಲಿನ್ ಮುಖ ಎತ್ತುವುದಿಲ್ಲ. “ಉಡುಪಿಯವನ ಕತ್ತರಿ ಮೊಂಡಾಯಿತೋ ಏನೋ,” ಎಂದು ಕಾಜಾಕ್ಕೆ ಹೇಳುತ್ತಾರೆ.

“ನೀನು ಸುಮ್ಮನಿರು,” ಎಂದು ಗದರಿ ಒಲಿಂಡಾಬಾಯಿ ಟೇಪು ಬಿಚ್ಚುತ್ತಾರೆ. ಸೊಂಟ ಮೂವತ್ತಾರು, ಉದ್ದ ನಲವತ್ತು. ಉಮಾನಾಥ ಗೋಡೆ ನೋಡುತ್ತಾ ನಿಂತಿದ್ದಾರೆ. ಅಲ್ಲಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ.

“ನಾನು ಏನು ಮಾಡಿದರೂ ಆ ಮನುಷ್ಯನ ಋಣ ತೀರುವಂಥದ್ದಲ್ಲ ಬಾಯಮ್ಮ.”

“ತೀರುವುದು ಬೇಡ ಮಾರಾಯರೆ,” ಎನ್ನುತ್ತಾರೆ ಒಲಿಂಡಾಬಾಯಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. “ತೀರಿದರೆ ನೀವು ಮತ್ತೆ ಈ ಕಡೆ ಬರುವುದಿಲ್ಲ. ಅದು ಹಾಗೇ ಇರಲಿ. ಈಗ ತಿರುಗಿ ನಿಲ್ಲಿ, ಬೆನ್ನಿನ ಅಳತೆ ಆಗಬೇಕು.”