ಮಗ್ಗದ ಕುಣಿ ಬಿಟ್ಟು ನೆಲ ಅಳೆದದ್ದು

ನೆಲವೆಂಬುದು ನಾವು ಅತಿ ಹೆಚ್ಚು ತುಳಿಯುವ, ಅತಿ ಕಡಿಮೆ ನೋಡುವ ವಸ್ತು. ಅದನ್ನು ಆರಿಸಲು ಅಂಗಡಿಗೆ ಹೋದಾಗ ಮಾತ್ರ ಅದು ತಲೆಯ ಮೇಲೆ ಬಂದು ಕೂರುತ್ತದೆ. ಶಂಕಗಿರಿ ರಸ್ತೆಯ ಟೈಲ್ಸ್ ಅಂಗಡಿಯಲ್ಲಿ ನನ್ನ ಹೆಂಡತಿ ಸರಸು ‘ಸ್ಯಾಂಡಲ್ ಕಲರ್’ ಎಂಬ ಒಂದೇ ಹೆಸರಿನ ಹನ್ನೊಂದು ಬಣ್ಣಗಳನ್ನು ನೋಡಿ ಮುಗಿಸಿ, ಹನ್ನೆರಡನೆಯದಕ್ಕೆ ಕಾಯುತ್ತಿದ್ದಳು. ನನಗೋ ಹನ್ನೊಂದೂ ಒಂದೇ ಪಾತ್ರೆಯ ಚಹಾದಂತೆ ಕಂಡವು. ಬಣ್ಣದ ಖಾತೆ ಅವಳದು, ಅಳತೆಯ ಖಾತೆ ನನ್ನದು ಎಂದು ಮೊದಲೇ ಒಪ್ಪಂದವಾಗಿತ್ತು. ಮೂವತ್ತು ವರ್ಷ ಸೇಲಂನ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನಿಗೆ ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ಹಜಾರದ ಕ್ಷೇತ್ರಫಲ ಯಾವ ಮಹಾಕ್ಷೇತ್ರ! ಉದ್ದಗಲ ಗುಣಿಸಿ, ಒಡೆಯುವುದಕ್ಕೂ ಕತ್ತರಿಸುವುದಕ್ಕೂ ಒಂದು ಬಾಕ್ಸು ಹೆಚ್ಚಿಗೆ ಹಿಡಿದರಾಯಿತು.

ಆದರೂ ತಪ್ಪಿದೆ. ಬೇಕೆಂದೇ ತಪ್ಪಿದೆ, ನಿಮ್ಮಲ್ಲಿ ಮುಚ್ಚುಮರೆ ಏಕೆ?

ನಮ್ಮದು ಕೈಮಗ್ಗದ ಮನೆ. ಹಜಾರದ ನಡುವೆ ನಾಲ್ಕಡಿ ಚೌಕದ ಕುಣಿಯೊಂದಿತ್ತು. ಅದರೊಳಗೆ ಕಾಲು ಇಳಿಬಿಟ್ಟು, ಹಲಗೆಗಳನ್ನು ತುಳಿಯುತ್ತಾ ನನ್ನ ಅವ್ವ ಐವತ್ತು ವರ್ಷ ಸೀರೆ ನೇಯ್ದಳು. ನನ್ನ ಓದು, ತಂಗಿಯ ಮದುವೆ ಎಲ್ಲ ಆ ಸೀರೆಗಳ ಪುಣ್ಯ. ಎರಡು ವರ್ಷದ ಹಿಂದೆ ಅವಳ ಮಂಡಿ ಸೋತ ಮೇಲೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೇರಿಸಿ, ಕುಣಿಗೆ ಹಲಗೆ ಮುಚ್ಚಿದ್ದೆವು. ಹೊಸ ನೆಲವೆಂದರೆ ಆ ಕುಣಿಗೆ ಮಣ್ಣೇ ಗತಿ. “ಅತ್ತೇನ ನೀವೇ ಒಂದ್ ಮಾತು ಕೇಳ್ಬುಡಿ” ಎಂದು ಸರಸು ದಿನವೂ ಹೇಳುವಳು; ಅವ್ವನ ಮುಂದೆ ನಿಂತರೆ ನನ್ನ ಬಾಯಿಗೆ ಬೀಗ. ಹೇಡಿಗೆ ವ್ಯವಕಲನವೇ ದಿಕ್ಕು ನೋಡಿ! ಕುಣಿಯ ಹದಿನಾರು ಚದರಡಿಯನ್ನು ಲೆಕ್ಕದಿಂದ ಸದ್ದಿಲ್ಲದೆ ಕಳೆದು ಟೈಲ್ಸ್ ತರಿಸಿಬಿಟ್ಟೆ.

ಮೇಸ್ತ್ರಿ ಎರಡೇ ದಿನಕ್ಕೆ ಕುಣಿಯ ಅಂಚಿಗೆ ಬಂದು ತಲೆ ಕೆರೆದುಕೊಂಡ. “ಸಾರ್, ಒರು ಬಾಕ್ಸ್ ಪತ್ತಾದು!” ಒಂದು ಬಾಕ್ಸು ಸಾಲದೆ ಬಂತೆಂಬ ಆ ತಮಿಳು ಕೂಗು ಬೀದಿಗೆಲ್ಲ ಕೇಳಿತು. ಹೆಚ್ಚಿಗೆ ತಂದಿದ್ದ ಬಾಕ್ಸು ಗೋಡೆಯಂಚಿಗೇ ಮುಗಿದಿತ್ತು. ಸರಸು ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಲೆಕ್ಕದ ಚೀಟಿಯನ್ನು ಪರಮಾಸಕ್ತಿಯಿಂದ ಓದತೊಡಗಿದೆ. ಅಷ್ಟರಲ್ಲಿ ಜಗಲಿಯಲ್ಲಿದ್ದ ಅವ್ವ ಗೋಡೆ ಹಿಡಿದು ಒಳಬಂದಳು. ಕುಣಿ ನೋಡಿದಳು, ನನ್ನನ್ನು ನೋಡಿದಳು.

“ಕುಣಿ ಬುಟ್ಟು ಅಳ್ದಿದೀಯೇನ್ಲಾ?”

ಹೌದೆಂದು ತಲೆಯಾಡಿಸಿದೆ.

“ಅಯ್ಯೋ ಪೆದ್ದೇ! ಇಳಿಯಾಕೆ ನಂಗೆ ಮಂಡಿ ಎಲ್ಲೈತೆ? ಬುಟ್ಟಿದ್ಯಲ್ಲ, ಅಷ್ಟು ಸಾಕು ಕಣ್ಲಾ. ಈಗ ಮುಚ್ಚುಸು. ಓಗು, ಇನ್ನೊಂದ್ ಬಾಕ್ಸ್ ತಕ್ಕೊಂಬಾ.”

ಮೊದಲ ಹಿಡಿ ಮಣ್ಣನ್ನು ಅವಳೇ ಹಾಕಿದಳು. ನನಗೆ ಅಳು ಬಂತು. ಸಿಮೆಂಟಿನ ಧೂಳೆಂದು ಕಣ್ಣೊರೆಸಿಕೊಂಡೆ.

ಅಂಗಡಿಯಲ್ಲಿ ಆ ಬಣ್ಣ ಮುಗಿದಿತ್ತು. ಅದೇ ಹೆಸರಿನ ಹೊಸ ಸರಕು ಒಂದು ಛಾಯೆ ಗಾಢ. ಹಾಕಿಸಿದ ಮೇಲೆ ಹಜಾರದ ನಡುವೆ ಚೌಕವೊಂದು ಎದ್ದು ಕಂಡಿತು. ಸರಸುವಿನ ಮುಖ ಬಾಡಿತು. ಅವ್ವ ಮಾತ್ರ ತನ್ನ ಕಸುಬಿನ ಕಣ್ಣಿನಿಂದ ಆಚೀಚೆ ನೋಡಿ, “ಸೆರಗು ಬ್ಯಾರೆ ಬಣ್ಣ ಐತೆ ಅಂತ ಸೀರೇನ ಯಾರಾದ್ರೂ ಬ್ಯಾಡ ಅಂತಾರಾ?” ಎಂದಳು. ಸರಸು ನಕ್ಕುಬಿಟ್ಟಳು.

ಈಗ ಮಧ್ಯಾಹ್ನ ಅವ್ವ ಆ ಚೌಕದ ಮೇಲೆಯೇ ಕಾಲು ಚಾಚಿ ಕೂರುವುದು. ಬಂದ ನೆಂಟರು “ಇದೊಂದೇ ಯಾಕೆ ಬೇರೆ ಬಣ್ಣ?” ಎಂದರೆ ನನಗೆ ಬಾಯಿ ತೆರೆಯಲು ಬಿಡುವುದಿಲ್ಲ.

“ನನ್ ಮಗ ಅಳತೆ ತಪ್ಪಿದ” ಎನ್ನುತ್ತಾಳೆ. ನಾನು ಪ್ರಥಮ ದರ್ಜೆಯಲ್ಲಿ ಪಾಸಾದಾಗಲೂ ಅವಳು ಇಷ್ಟು ಬೀಗಿ ಹೇಳಿಕೊಂಡಿರಲಿಲ್ಲ.