ಎಕ್ಕದ ಗಿಡದ ಮುಂದೆ ನಿಂತ ವೈನಿ

ಮೊನ್ನೆ ಮಗಳ ಕಾಲೇಜಿನ ಲ್ಯಾಬಿನ ಮುಂದೆ ಹಾದುಹೋಗುವಾಗ ಫಾರ್ಮಲಿನ್ ವಾಸನೆ ಗಂಟಲಿಗೆ ಬಡಿಯಿತು. ಕಣ್ಣು ಉರಿಯಿತು. ಆ ಉರಿಯಲ್ಲೇ ವೈನಿ ನೆನಪಾದರು... ಕಪ್ಪೆ ಕೊಯ್ದು ಬಂದ ಸಂಜೆ ಅವರ ಸೆರಗಿಗೂ ಇದೇ ವಾಸನೆ.

ಸಿಕಂದರಾಬಾದಿನ ಹತ್ತಿರದ ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಪಕ್ಕದ ಮನೆ. ರಾಯಚೂರು ಕಡೆಯವರು. ಗಾರ್ಡ್ ಆಗಿದ್ದ ಅವರ ಗಂಡನನ್ನು ನಾವು ಅಣ್ಣ ಎನ್ನುತ್ತಿದ್ದುದರಿಂದ ಅವರು ನಮಗೆ ವೈನಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಗಂಡನನ್ನು ಕಾಡಿ ಒಪ್ಪಿಸಿ, ಸಿಕಂದರಾಬಾದಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಸೇರಿದರು. ಅದೇ ತರಗತಿಗೆ ನಾನೂ ಸೇರಿದ್ದೆ, ಮುಖ ಊದಿಸಿಕೊಂಡು. ಮೆಡಿಕಲ್ ಸೀಟು ತಪ್ಪಿತ್ತು. ಇನ್ನೊಮ್ಮೆ ಪರೀಕ್ಷೆ ಕಟ್ಟುವ ಹಟ. ನಾನು ಕೂತರೂ ಮನಸ್ಸು ಕೂರುತ್ತಿರಲಿಲ್ಲ.

ವೈನಿಯದು ಬೇರೆ ಥರದ ಚಡಪಡಿಕೆ. ಸ್ಟೇಷನ್ನಿನ ದಾರಿಯಲ್ಲಿ, ಹಳಿಯ ಪಕ್ಕ ಎಕ್ಕದ ಗಿಡಗಳಿದ್ದವು. ಅವುಗಳ ಎಲೆ ತಿನ್ನುವ ಪಟ್ಟೆ ಹುಳಗಳನ್ನು ನೋಡುತ್ತ ನಿಂತರೆ ರೈಲು ಹೋದದ್ದೂ ಅವರಿಗೆ ತಿಳಿಯುತ್ತಿರಲಿಲ್ಲ. ಎಕ್ಕದ ಹಾಲು ವಿಷ. ಹುಳ ಅದನ್ನೇ ತಿಂದು ಹೇಗೆ ಬದುಕುತ್ತದೆ ಎಂದು ಕಾಲೇಜಿನಲ್ಲಿ ಕೇಳಿದರು. ಹುಳದ ಮಾತು ಝೂವಾಲಜಿಯಲ್ಲಿ ಕೇಳಿ ಎಂದರು ಬಾಟನಿ ಮೇಡಂ. ಝೂವಾಲಜಿ ಸರ್ ಗಿಡದ ಮಾತಿಗೆ ಮೇಡಂ ಕಡೆಗೇ ಕಳಿಸಿದರು.

"ಗಿಡ ಒಬ್ಬರ ಕಡೆ, ಹುಳ ಒಬ್ಬರ ಕಡೆ. ಎರಡೂ ಕೂಡಿದ್ದು ಯಾರ ಕಡೆ ಐತಿ, ನೀನರ ಹೇಳವಾ" ಎಂದು ನನ್ನನ್ನು ಪೀಡಿಸುತ್ತಿದ್ದರು.

ಹುಳಗಳನ್ನು ಡಬ್ಬಿಯಲ್ಲಿ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟು ಅತ್ತೆಯಿಂದ ಬೈಸಿಕೊಂಡರು. ಒಂದು ಬೆಳಿಗ್ಗೆ ಗೂಡೊಡೆದು ಚಿಟ್ಟೆ ಹೊರಬಂತು. ಬೈಯಲು ಬಂದ ಅತ್ತೆ ಒಲೆಯ ಮೇಲಿನ ಹಾಲು ಮರೆತು ನಿಂತುಬಿಟ್ಟರು. ಆ ವರ್ಷ ಮೆಡಿಕಲ್ ಪರೀಕ್ಷೆಗೆ ನಾನು ಕಟ್ಟಲಿಲ್ಲ. ವೈನಿಯ ಪಕ್ಕ ಕೂತು ಇದನ್ನೇ ಓದುವ ಆಸೆ ಹುಟ್ಟಿತ್ತು.

ಇಬ್ಬರೂ ಪಾಸಾದೆವು. ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಇಬ್ಬರಿಗೂ ಎಂ.ಎಸ್‌ಸಿ. ಸೀಟು ಸಿಕ್ಕಿತು. ಅದೇ ವಾರ ಅಣ್ಣನಿಗೆ ಗುಂತಕಲ್ಲಿಗೆ ವರ್ಗ. "ಡಿಗ್ರಿ ಆತಲ್ಲ, ಸಾಕು" ಎಂದರಂತೆ. ಪಾತ್ರೆ ಕಟ್ಟುತ್ತಲೇ ವೈನಿ ಹೇಳಿದರು: "ನೀ ಸೇರು. ನಾ ಇವರನ್ನ ಒಪ್ಪಿಸಿ ಬರತೀನಿ."

ಕೆಲವು ದಿನ ತರಗತಿಯಲ್ಲಿ ಅವರಿಗೆಂದು ಪಕ್ಕದ ಜಾಗ ಹಿಡಿದಿಟ್ಟೆ. ಬರಲಿಲ್ಲ... ಎಕ್ಕದ ಹುಳ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಅದಕ್ಕೇ ಹಕ್ಕಿಗಳು ಮುಟ್ಟುವುದಿಲ್ಲ ಎಂದು ಪಾಠವಾದ ದಿನ ಥಟ್ಟನೆ ಪಕ್ಕಕ್ಕೆ ತಿರುಗಿದೆ. ಬೇರೆ ಯಾರೋ ಹುಡುಗಿ ಬರೆದುಕೊಳ್ಳುತ್ತಿದ್ದಳು.

ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ವರ್ಷಗಟ್ಟಲೆ ಮನಸ್ಸಿನಲ್ಲೇ ಮಸೆದಿದ್ದೆ. ಮೊನ್ನೆಯಿಂದ ಸುಮ್ಮನಿರಲಾಗದೆ ಅವರಿವರನ್ನು ವಿಚಾರಿಸಿದೆ. ನಿವೃತ್ತಿಯ ನಂತರ ಮಲ್ಕಾಜ್‌ಗಿರಿಗೇ ಮರಳಿದ್ದಾರೆಂದು ತಿಳಿದು, ಇವತ್ತು ಹೋದೆ. ಬಾಗಿಲು ತೆರೆದವರು ಅಣ್ಣನೇ. ನನ್ನ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅಕಿ ತೀರಿಹೋಗಿ ಭಾಳ ದಿನ ಆತವಾ" ಎಂದರು. ಒಳಗೆ ಕರೆದು, "ಮುಂದ ಓದತೀನಂತ ಭಾಳ ಕೇಳಿದ್ಲು. ನಾನ ಬ್ಯಾಡಂದೆ."

ಮಸೆದಿಟ್ಟ ಮಾತುಗಳನ್ನು ಬಿಟ್ಟು, "ಊಟ ಆತೇನಣ್ಣಾ?" ಎಂದೆ. ಅವರು ತಲೆಯಾಡಿಸಿ ಕುರ್ಚಿ ತೋರಿಸಿದರು. ಕೂತೆ. ವೈನಿ ಇಲ್ಲದ ಮನೆಯಿಂದ ಎದ್ದು ಹೊರಡಲು ಕಾಲು ಬರಲಿಲ್ಲ.