ಪಿಸುಮಾತಿನ ಸಂತೆಯಲ್ಲೊಂದು ಪಾಠಶಾಲೆ

ಕಡಲಂಚಿನ ಊರು ಕಿಯೊಜ್ಜಾದ ಸಗಟು ಮೀನುಸಂತೆಯಲ್ಲಿ ಬೆಳಗಿನ ಜಾವ ಯಾರೂ ಕೂಗುವುದಿಲ್ಲ. ಹಿನ್ನೀರಿನ ಮಂಜು ಒಳಗೆ ಬಂದು ದೀಪಗಳ ಸುತ್ತ ನಿಂತಿದೆ. ಕೊಳ್ಳುವವನು ಹರಾಜುಗಾರನ ಹೆಗಲಿಗೆ ಬಾಗಿ, ತನ್ನ ಬೆಲೆಯನ್ನು ಅವನ ಕಿವಿಯಲ್ಲಿ ಉಸುರಿ ಸರಿಯುತ್ತಾನೆ. ಆ ಜಾಗಕ್ಕೆ ಇನ್ನೊಬ್ಬ ಬಾಗುತ್ತಾನೆ. ಅಷ್ಟು ಜನ ತುಂಬಿದ ಛಾವಣಿಯ ಕೆಳಗೆ ಮಂಜುಗಡ್ಡೆ ಕರಗಿ ತೊಟ್ಟಿಕ್ಕುವುದು ಕೇಳುತ್ತದೆ. ನಿದ್ದೆಯಲ್ಲಿ ಕಂಡ ವ್ಯಾಪಾರದ ಹಾಗೆ ಎಲ್ಲವೂ ನಡೆಯುತ್ತಿದೆ, ಒಂದು ಮಾತೂ ಕಿವಿಗೆ ಬೀಳುತ್ತಿಲ್ಲ.

ಆ ಮಂಜಿನೊಳಗೆ ರಬ್ಬರ್ ಬೂಟು ತೊಟ್ಟ ನೀವೆಸ್ ಬೊಸ್ಕೊಲೊ ಅವರು ಓಡಾಡುತ್ತಿದ್ದಾರೆ. ಹಿಂದೆ ಇಬ್ಬರು ಶಿಷ್ಯರು. ಅರವತ್ತು ದಾಟಿದ ನೀವೆಸ್ ಟ್ರಾನ್ಸ್ ಮಹಿಳೆ. ಊರಿನ ವಾರಪತ್ರಿಕೆಯಲ್ಲಿ ಕರಡು ತಿದ್ದುವುದು ಅವರ ಹೊಟ್ಟೆಪಾಡು. ಟ್ರಾನ್ಸ್‌ಜೆಂಡರ್ ಪತ್ರಕರ್ತರಿಗೆ ಕಸುಬು ಕಲಿಸುವುದು ತಾವೇ ಮೈಮೇಲೆ ಎಳೆದುಕೊಂಡ ಕೆಲಸ.

ಪಾಠ ಈ ಸಂತೆಯಿಂದಲೇ ಶುರುವಾಗುತ್ತದೆ. ಅದಕ್ಕೊಂದು ಕಾರಣವಿದೆ. ಪಿಸುಗುಡುವಾಗ ಗಂಟಲಿನ ಧ್ವನಿತಂತುಗಳು ಕಂಪಿಸುವುದಿಲ್ಲ. ಬರಿಯ ಉಸಿರೇ ಮಾತಾಗುತ್ತದೆ. ಕಂಪನವಿಲ್ಲದಿದ್ದರೆ ಸ್ವರಕ್ಕೆ ಏರೂ ಇಲ್ಲ, ತಗ್ಗೂ ಇಲ್ಲ. ಮಾತಾಡಿದ್ದು ಗಂಡೋ ಹೆಣ್ಣೋ ಎಂದು ಕಿವಿ ತಡಕಾಡಿ ಸುಮ್ಮನಾಗುತ್ತದೆ. ಬಾಯಿ ತೆರೆದರೆ ಜನ ತಮ್ಮನ್ನೇ ನೋಡುತ್ತಾರೆಂದು ಹೆದರಿ ಬಂದವರು ಇಲ್ಲಿ ಮೊದಲ ಪ್ರಶ್ನೆ ಕೇಳುತ್ತಾರೆ. ಇವತ್ತು ಯಾವ ಮೀನು ಕಡಿಮೆ, ಯಾಕೆ, ಯಾವ ಗಾಳಿಗೆ. ಉತ್ತರವೂ ಪಿಸುಮಾತಿನಲ್ಲೇ ಬರುತ್ತದೆ.

"ಇಲ್ಲಿ ಎಲ್ಲರ ಗಂಟಲೂ ಒಂದೇ," ಎನ್ನುತ್ತಾರೆ ನೀವೆಸ್. "ಪ್ರಶ್ನೆ ಒಂದು ಕಲ್ತ್ಕೊಂಡ್ರೆ ಆಯ್ತು. ಧ್ವನಿ ಆಮೇಲೆ ನಿಧಾನಕ್ಕೆ ಹಿಂದೇನೇ ಬರುತ್ತೆ."

ಅವರಿಗೆ ಈ ಸೌಲಭ್ಯ ಸಿಕ್ಕಿರಲಿಲ್ಲ. ಹರೆಯದಲ್ಲಿ ಬಂದರಿನ ವರದಿಗಾರರಾಗಿದ್ದರು. ನೀವೆಸ್ ಆದ ವರ್ಷವೇ ಕಚೇರಿಯ ಹಿಂದಿನ ಕೋಣೆಗೆ ಕಳಿಸಿದರು; ಜನ ಬಾಗಿಲು ತೆರೆಯುವುದಿಲ್ಲ ಎಂಬುದು ಆಗಿನ ಸಂಪಾದಕರ ವಾದ. "ಒಂದು ಬಾಗಿಲನ್ನೂ ತಟ್ಟೋಕೆ ಬಿಡಲಿಲ್ಲ. ತೆರೀತಿತ್ತೋ ಇಲ್ವೋ, ಇವತ್ತಿಗೂ ಗೊತ್ತಿಲ್ಲ." ಸಂತೆ ಮುಗಿದ ಮೇಲೆ ಬಲೆ ಹೆಣೆಯುವವರ ಮಾಳಿಗೆಯ ಬಾಡಿಗೆ ಕೋಣೆಯಲ್ಲಿ ಪಾಠ ಮುಂದುವರಿಯುತ್ತದೆ. ಪೊಲೀಸ್ ಠಾಣೆಗೆ ಫೋನು ಮಾಡುವುದು, ಕರಾರು ಓದಿ ಸಹಿ ಹಾಕುವುದು, 'ನಿನ್ನ ಕಥೆಯನ್ನೇ ಬರಿ' ಎನ್ನುವ ಸಂಪಾದಕನಿಗೆ ನಗುತ್ತಲೇ ಬೇರೆ ಸುದ್ದಿ ಕೊಟ್ಟು ಬರುವುದು. ಇಲ್ಲಿ ಕಲಿತ ಸುಮಾರು ನಲವತ್ತು ಮಂದಿ ಈಗ ಬೇರೆ ಬೇರೆ ಊರುಗಳಲ್ಲಿ ನ್ಯಾಯಾಲಯ, ಹವಾಮಾನ, ಫುಟ್‌ಬಾಲ್ ಬರೆಯುತ್ತಿದ್ದಾರೆ.

ಇವತ್ತು ಶಿಷ್ಯರಲ್ಲೊಬ್ಬನ ಮುಖ ಬಿಳಿಚಿಕೊಂಡಿದೆ. ಅವನು ತೊಬಿಯಾ, ಹೊರ ಊರು ರೊವಿಗೊ ಕಡೆಯವನು, ಇಪ್ಪತ್ತಾರರ ಟ್ರಾನ್ಸ್ ಪುರುಷ. ಹೋದ ವಾರ, ನೀವೆಸ್ ರಜೆಯಲ್ಲಿದ್ದಾಗ, ಅವರ ಪತ್ರಿಕೆಯಲ್ಲಿ ಅವನ ಮೊದಲ ವರದಿ ಅಚ್ಚಾಯಿತು: ಕೊಳಕು ನೀರಿನ ನಿಷೇಧಿತ ಜಾಗದಿಂದ ಕಪ್ಪೆಚಿಪ್ಪು ಬಾಚಿದ ದೋಣಿಗೆ ದಂಡ. ಮಾಲೀಕನ ಹೆಸರು ಅರ್ಮಿದೊ ಬೊಸ್ಕೊಲೊ ಎಂದು ಬರೆದ. ಸುಳ್ಳಲ್ಲ. ಆದರೆ ಈ ಊರಿನಲ್ಲಿ ಕಲ್ಲೆಸೆದರೆ ಬೊಸ್ಕೊಲೊಗಳ ಮನೆಗೇ ಬೀಳುತ್ತದೆ. ಅದಕ್ಕೇ ಪ್ರತಿ ಮನೆತನಕ್ಕೂ ಒಂದು ಅಡ್ಡಹೆಸರು. ಗುರುತಿನ ಚೀಟಿಯಲ್ಲೂ ಅದು ಇರುತ್ತದೆ. ನೀವೆಸ್ ಅವರದು 'ಕರೆಗೆತಾ', ಪುಟ್ಟ ಕುರ್ಚಿ. ದಂಡ ತೆತ್ತವನು ಅರ್ಮಿದೊ ಬೊಸ್ಕೊಲೊ 'ಫೆರೊ'. ತೊಬಿಯಾ ಅಡ್ಡಹೆಸರು ಬಿಟ್ಟದ್ದರಿಂದ, ಚಿಲ್ಲರೆ ಸಂತೆಯಲ್ಲಿ ಚಿಪ್ಪು ಮಾರುವ ಮುದುಕ ಅರ್ಮಿದೊ ಬೊಸ್ಕೊಲೊ 'ಸ್ಕೀಲಾ' ತಪ್ಪಿತಸ್ಥನಾದ. ಜನ ಅವನ ಅಂಗಡಿ ದಾಟಿ ಹೋಗತೊಡಗಿದರು.

ತೊಬಿಯಾ ಅಸಡ್ಡೆಯವನಲ್ಲ. ಅಚ್ಚಿಗೆ ಹೋಗುವ ಮುನ್ನ ಪುಟ ಕಟ್ಟುವವರಿಗೆ ಮತ್ತೆ ಮತ್ತೆ ಫೋನು ಮಾಡಿದ್ದ, ತನ್ನ ಹೆಸರು ಸರಿಯಾಗಿದೆಯೇ ಎಂದು ಕೇಳಲು. ತೊಬಿಯಾ ಎಂದು ಅದು ಅಚ್ಚಾಗುತ್ತಿದ್ದದ್ದು ಅದೇ ಮೊದಲು.

"ನಮ್ಮವರೆಲ್ಲ ಮೊದಲ ಸಲ ಮಾಡೋ ತಪ್ಪೇ ಇದು," ಎನ್ನುತ್ತಾರೆ ನೀವೆಸ್. "ವರ್ಷಗಟ್ಟಲೆ ಕಾದ ಹೆಸರು ಕಾಗದದ ಮೇಲೆ ಕಂಡಾಗ ಉಳಿದ ಅಕ್ಷರಗಳೆಲ್ಲ ಮಂಜಾಗಿಬಿಡುತ್ತೆ."

ಈಗಿನ ಸಂಪಾದಕರು ತಿದ್ದುಪಡಿಗೆ ಒಪ್ಪಿದರು. "ಆದ್ರೆ ಆ ಹುಡುಗ ಇನ್ನು ಬಂದರಿನ ಕಡೆ ಬೇಡ ನೀವೆಸ್. ಅವನ ಕಥೆ ಬರೀಲಿ, ಅರ್ಧ ಪುಟ ಕೊಡ್ತೀನಿ."

"ಸ್ಕೀಲಾನೇ ಅವನಿಗೊಂದು ಸುದ್ದಿ ಕೊಟ್ರೆ?" ಎಂದರು ನೀವೆಸ್.

"ಕೊಟ್ರೆ ತಾನೆ. ಆಗ ನೋಡೋಣ."

ಹಾಗಾಗಿ ಇವತ್ತು ನೀವೆಸ್ ಮತ್ತು ತೊಬಿಯಾ ಇಬ್ಬರೇ ಸೇತುವೆ ದಾಟಿ ಚಿಲ್ಲರೆ ಸಂತೆಗೆ ಬಂದಿದ್ದಾರೆ. ಇಲ್ಲಿ ಪಿಸುಮಾತು ನಡೆಯದು. ಕೆಂಪು ಪರದೆಗಳ ಮೂಲಕ ಇಳಿಯುವ ಬೆಳಕಿನಲ್ಲಿ ಮೀನು, ಕಲ್ಲುಕಟ್ಟೆ, ಮನುಷ್ಯರ ಮುಖ ಎಲ್ಲಕ್ಕೂ ಒಂದೇ ಬಣ್ಣ. ತಿದ್ದುಪಡಿ ಅಚ್ಚಾಗುವ ಮೊದಲೇ, ತಪ್ಪು ಬರೆದವನು ಅದನ್ನು ನೊಂದವರೆದುರು ಗಟ್ಟಿಯಾಗಿ ಓದಬೇಕು. ಇದು ನೀವೆಸ್ ಅವರ ನಿಯಮ.

ಕತ್ತಿ ಹಿಡಿದು ಚಿಪ್ಪು ಬಿಡಿಸುತ್ತಿರುವ ಅರ್ಮಿದೊ 'ಸ್ಕೀಲಾ' ತಲೆ ಎತ್ತುವುದಿಲ್ಲ. ಎದುರುಗೊಳ್ಳುವವಳು ಅವನ ಹೆಂಡತಿ ಯೋಲೆ. "ಓದಪ್ಪಾ, ಓದು. ಬರೆಯುವಾಗ ಜೋರಿತ್ತಲ್ಲ."

ತೊಬಿಯಾ ಓದತೊಡಗುತ್ತಾನೆ. ಗಂಡುದನಿ ತರುವ ಹಾರ್ಮೋನ್ ಔಷಧಿ ಶುರುವಾಗಿ ಇನ್ನೂ ವರ್ಷ ತುಂಬಿಲ್ಲ. ಗಂಟಲು ಒಡೆಯುತ್ತಿರುವ ಕಾಲ. ಎರಡನೇ ಸಾಲಿಗೆ ಸ್ವರ ಕೀಚಲಾಗಿ ಜಿಗಿಯುತ್ತದೆ. ಪಕ್ಕದ ಕಟ್ಟೆಯವನು, "ಏನೋ, ಕೋಳಿಮರಿ ನುಂಗಿ ಬಂದ್ಯಾ?" ಎನ್ನುತ್ತಾನೆ.

"ನೀನು ಮುಚ್ಕೊಂಡು ಮೀನು ತೊಳಿ," ಯೋಲೆ ಅತ್ತ ತಿರುಗುತ್ತಾಳೆ. "ನಿನ್ನ ಗಂಟಲು ಒಡೆದಾಗ ಇಡೀ ಕಾಲುವೆ ಕಿವಿ ಮುಚ್ಕೊಂಡಿತ್ತು."

ತೊಬಿಯಾ ಮೊದಲಿನಿಂದ ಓದುತ್ತಾನೆ. ಈ ಸಲ ನಿಲ್ಲಿಸುವುದಿಲ್ಲ. ತಿದ್ದುಪಡಿಗೆ ಸಹಿ ಹಾಕುವ ವಾಡಿಕೆ ಪತ್ರಿಕೆಯಲ್ಲಿಲ್ಲ. ಕೊನೆಯಲ್ಲಿ ಅವನು ತನ್ನ ಹೆಸರನ್ನೂ ಓದುತ್ತಾನೆ.

ಆಗ ಅರ್ಮಿದೊ ಕತ್ತಿ ಕೆಳಗಿಡುತ್ತಾನೆ. "ತೊಬಿಯಾ ಅಂತ ಯಾರಿಟ್ಟದ್ದು ನಿನಗೆ?"

"ನಾನೇ ಇಟ್ಕೊಂಡಿದ್ದು."

ಮುದುಕ ಕೈಯಲ್ಲಿದ್ದ ಚಿಪ್ಪನ್ನು ಬುಟ್ಟಿಗೆ ಹಾಕುತ್ತಾನೆ. "ಅಷ್ಟು ಕಷ್ಟಪಟ್ಟು ಒಂದು ಹೆಸರು ಸಂಪಾದಿಸ್ಕೊಂಡೋನು, ನನ್ನದನ್ನ ಅರ್ಧಕ್ಕೇ ಕಡಿದು ಹಾಕಿದ್ಯಲ್ಲ ಮಗಾ."

ತೊಬಿಯಾ ತಿದ್ದುಪಡಿಯ ಕಾಗದ ಮಡಚುತ್ತಾನೆ. ನೀವೆಸ್ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಒಬ್ಬ ಹೆಂಗಸು ಬಂದು ಒಂದು ಕಿಲೋ ಚಿಪ್ಪು ಕೇಳುತ್ತಾಳೆ. ಅರ್ಮಿದೊ ತೂಗಿ ಕೊಟ್ಟು, ಕೈ ಒರೆಸಿಕೊಳ್ಳುತ್ತಾನೆ. ಕ್ಷಮಿಸಿದೆ ಎನ್ನುವುದಿಲ್ಲ. "ಹೊರಗಿಂದ ಬಂದ ಆ ನೀಲಿ ಏಡಿ ನಮ್ಮ ಚಿಪ್ಪಿನ ಮರಿಗಳನ್ನೆಲ್ಲ ತಿಂದು ಹಾಕ್ತಿದೆ. ಶುಕ್ರವಾರ ದೋಣಿಗೆ ಬಾ, ತೋರಿಸ್ತೀನಿ. ಬರಿ. ಪೂರ್ತಿ ಹೆಸರು ಹಾಕಿ ಬರಿ."

ಮುಂದಿನ ವಾರ ನೀಲಿ ಏಡಿಯ ವರದಿ ಅಚ್ಚಿಗೆ ಸಿದ್ಧವಾಗಿದೆ. ಮಧ್ಯಾಹ್ನ ತೊಬಿಯಾ ಕಚೇರಿಯ ಹಿಂದಿನ ಕೋಣೆಯಲ್ಲಿ ಕೂತು ಯೋಲೆಗೆ ಫೋನು ಮಾಡಿ, ವರದಿಯಲ್ಲಿರುವ ಪ್ರತಿಯೊಬ್ಬ ಬೆಸ್ತನ ಹೆಸರನ್ನೂ ಅಡ್ಡಹೆಸರನ್ನೂ ಓದಿ ಹೇಳುತ್ತಾನೆ. 'ಸ್ಕೀಲಾ' ಎಂದು ಎರಡು ಸಲ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಾನೆ.

ನೀವೆಸ್ ಕರಡನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹೆಸರುಗಳೆಲ್ಲ ಸರಿಯಾಗಿವೆ. ತಲೆಬರಹದ ಕೆಳಗೆ ಮಾತ್ರ, ಪುಟ ಕಟ್ಟುವವರ ಮರೆವಿನಿಂದ, 'ನಮ್ಮ ವರದಿಗಾರರಿಂದ' ಎಂದಷ್ಟೇ ಇದೆ. ಅವರು ಅದನ್ನು ಹೊಡೆದುಹಾಕಿ ದುಂಡಗೆ ತೊಬಿಯಾ ಎಂದು ಬರೆಯುತ್ತಾರೆ. ಅವನು ಇದನ್ನು ನೋಡಲಿಲ್ಲವೇ ಎಂದು ಕೇಳಿದರೆ ಮುಖ ಅರಳುತ್ತದೆ.

"ನೋಡ್ಲೇ ಇಲ್ಲ ಕಣ್ರೀ. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ? ಊರವರ ಹೆಸರು ಅವನು ನೋಡ್ಕೊಳ್ಳಲಿ. ಅವನದನ್ನ ನೋಡ್ಕೊಳ್ಳೋಕೆ ನಾನಿದ್ದೀನಲ್ಲ."